ಊರಿಗೆ ಹೋಗದವರ ಮೂರನೇ ಸಾಲು

ರಾಜ್ಯ ಸಮಾರಂಭ ವಿಭಾಗದ ಮುಖ್ಯಾಧಿಕಾರಿಗಳಿಗೆ, ಪತ್ರಿಕೆಯ ಮೂಲಕ ಒಂದು ಬಹಿರಂಗ ಪತ್ರ

ಮಾನ್ಯರೇ,

ತಾವು ನಮ್ಮನ್ನು ಕರೆಯುವುದನ್ನು ನಿಲ್ಲಿಸಿದ್ದೀರಿ. ಅದರಿಂದಾಗಿ ನನ್ನ ಗೆಳತಿ ಎಂಬುನ್ ಕಳೆದ ಹಬ್ಬದಲ್ಲಿ ತನ್ನ ಬಚ್ಚಲಮನೆಯ ನೆಲದ ಮೇಲೆ ಸೊಂಟ ಮುರಿದುಕೊಂಡು ಬಿದ್ದಿದ್ದರೂ ಯಾರಿಗೂ ತಿಳಿಯಲಿಲ್ಲ. ಈಗ ಅವಳು ಬೇರೆ ಊರಿನ ವೃದ್ಧರ ಆಶ್ರಯಧಾಮದಲ್ಲಿ ಗೋಡೆ ನೋಡುತ್ತಾ ಮಲಗಿದ್ದಾಳೆ. ಇದು ನನ್ನ ದೂರು. ಸಮಾರಂಭಕ್ಕೆ ಕರೆಯದಿರುವುದಕ್ಕೂ ಬಚ್ಚಲಮನೆಯಲ್ಲಿ ಬೀಳುವುದಕ್ಕೂ ಏನು ಸಂಬಂಧ ಎಂದು ತಾವು ಹುಬ್ಬೇರಿಸುತ್ತಿರಬಹುದು. ಸಂಬಂಧವಿದೆ. ತಾಳ್ಮೆಯಿಂದ ಓದಬೇಕು. ತಮ್ಮ ಇಲಾಖೆಯ ಭಾಷಣಗಳನ್ನು ನಾನು ಹತ್ತಾರು ವರ್ಷ ತಾಳ್ಮೆಯಿಂದ ಕೇಳಿದ್ದೇನೆ, ಈ ಒಂದು ಪತ್ರದ ಮಟ್ಟಿಗೆ ತಾವು ಋಣ ತೀರಿಸಬಹುದು.

ನನ್ನ ಹೆಸರು ತಮಗೆ ಗೊತ್ತಿರಲಾರದು, ಮುಖ ಗೊತ್ತಿದೆ. ತಮ್ಮ ಕಚೇರಿಯ ಗೋಡೆಯ ಫೋಟೋಗಳನ್ನು ಒಮ್ಮೆ ಎದ್ದು ನೋಡಿ. ಹೊಸ ಸೇತುವೆ, ಹೊಸ ಬಸ್ ನಿಲ್ದಾಣ, ಮೀನು ಮಾರುಕಟ್ಟೆಯ ಹೊಸ ಛಾವಣಿ. ಎಲ್ಲದರಲ್ಲೂ ಮೊದಲ ಸಾಲಿನಲ್ಲಿ ಗಣ್ಯರು, ಎರಡನೇ ಸಾಲಿನಲ್ಲಿ ಗಣ್ಯರೆಂದು ತಮ್ಮಷ್ಟಕ್ಕೆ ತಿಳಿದುಕೊಂಡವರು, ಮೂರನೇ ಸಾಲಿನಲ್ಲಿ ಜನತೆ. ಆ ಜನತೆ ಎಂದರೆ ನಾನು, ಎಂಬುನ್, ಮೆಲೂರ್ ಮತ್ತು ಇನ್ನೂ ಏಳೆಂಟು ಹೆಂಗಸರು. ರಾಜ್ಯ ಚಿಕ್ಕದು, ಅದರ ರಾಜಧಾನಿ ಇನ್ನೂ ಚಿಕ್ಕದು. ಜನತೆ ಬೇಕೆಂದರೆ ಸಿಗುವವರು ನಾವೇ. ಅದೇ ಹಸಿರು ಸೆರಗು ಎಲ್ಲ ಫೋಟೋಗಳಲ್ಲೂ ಇದೆಯಲ್ಲ, ಅದು ನನ್ನದು. ಭೂದಾಖಲೆ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು.

ನಮ್ಮದು ರಾಜಧಾನಿ ಎಂದರೆ ಹೊರಗಿನವರು ನಗುತ್ತಾರೆ. ಸಚಿವಾಲಯದ ಹಿಂದಿನ ಕಿಟಕಿ ತೆರೆದರೆ ಭತ್ತದ ಗದ್ದೆ. ಕೊಯ್ಲು ಮುಗಿದು ಹುಲ್ಲು ಸುಡುವ ಕಾಲದಲ್ಲಿ ಕಡತಗಳಿಗೂ ಹೊಗೆಯ ವಾಸನೆ. ವೃತ್ತದ ನಡುವೆ ಸಿಮೆಂಟಿನ ಮಾವಿನಹಣ್ಣು, ಊರಿಗೆಲ್ಲ ಒಂದೇ ಎಸ್ಕಲೇಟರ್, ಅದೂ ಹತ್ತುವುದಕ್ಕೆ ಮಾತ್ರ. ಬೆಳಿಗ್ಗೆ ಕಾಫಿ ಅಂಗಡಿಗಳ ತುಂಬ ಕೊರಳಿಗೆ ಗುರುತಿನ ಬಿಲ್ಲೆ ನೇತುಹಾಕಿಕೊಂಡವರ ದಂಡು. ಒಬ್ಬರು ಇನ್ನೊಬ್ಬರ ಬಡ್ತಿಯ ಬಗ್ಗೆ ಪಿಸುಗುಟ್ಟುತ್ತಾ ಪರೋಟ ಹರಿಯುತ್ತಿರುತ್ತಾರೆ. ಸಂಜೆ ಕಚೇರಿ ಬಿಟ್ಟ ಮೇಲೆ ದೊಡ್ಡ ಬೀದಿಯಲ್ಲಿ ಉಳಿಯುವುದು ಬೆಕ್ಕುಗಳು ಮತ್ತು ನಾವು. ಶುಕ್ರವಾರವಂತೂ ಬಸ್ ನಿಲ್ದಾಣದಲ್ಲಿ ಪಟ್ಟಣವೇ ಚೀಲ ಹಿಡಿದು ನಿಂತಿರುತ್ತದೆ. ಇಲ್ಲಿರುವ ಯಾರೂ ಇಲ್ಲಿಯವರಲ್ಲ. ಯಾರನ್ನೇ ಕೇಳಿ, "ನಾನು ಕೆಲಸಕ್ಕಷ್ಟೇ ಇಲ್ಲಿರೋದು, ನಮ್ಮೂರು ಆ ಕಡೆ" ಎನ್ನುತ್ತಾರೆ. ಇಲ್ಲೇ ಸೇವೆ ಮುಗಿಸಿ, ಇಲ್ಲೇ ಮೊಮ್ಮಕ್ಕಳನ್ನು ಆಡಿಸಿದವರೂ ಅದನ್ನೇ ಹೇಳುತ್ತಾರೆ.

ನಿಜವಾಗಿ ಈ ಊರಿನವಳು ನಾನೊಬ್ಬಳೇ ಇರಬೇಕು. ನನ್ನ ತಂದೆ ಸರ್ಕಾರಿ ಕಾರಿನ ಚಾಲಕರಾಗಿದ್ದರು. ಚಾಲಕರ ವಸತಿಯ ಕೊನೆಯ ಮನೆಯಲ್ಲಿ ನಾನು ಹುಟ್ಟಿದೆ. ಆ ವಸತಿಯನ್ನು ಕೆಡವಿ ತಮ್ಮ ಕಚೇರಿಗೆ ಕಾರು ನಿಲ್ಲಿಸುವ ಜಾಗ ಮಾಡಿದರು. ನನ್ನ ತೊಟ್ಟಿಲು ಕಟ್ಟಿದ್ದ ಜಾಗದಲ್ಲಿ ಈಗ ತಮ್ಮ ಕಾರು ನಿಲ್ಲುತ್ತದೆ ಎಂದು ನನ್ನ ಅಂದಾಜು. ನೆರಳು ಚೆನ್ನಾಗಿದೆ, ಅಲ್ಲವೇ? ಆ ಮರ ನೆಟ್ಟದ್ದು ನನ್ನ ತಾಯಿ.

ಇಂಥ ಊರಿನಲ್ಲಿ ಮದುವೆಯಾಗದೆ ಉಳಿದ ನಿವೃತ್ತ ಬೆರಳಚ್ಚುಗಾರ್ತಿಗೆ ದಿನ ಹೇಗೆ ಕಳೆಯಬೇಕು? ನನ್ನ ದಿನ ಕಳೆದದ್ದು ತಮ್ಮ ಇಲಾಖೆಯ ಹಸ್ಮೀರಾಳ ಫೋನಿನಿಂದ. ಆ ಹುಡುಗಿಯ ಕೆಲಸವೇ ಕುರ್ಚಿ ತುಂಬಿಸುವುದು. ವಯಸ್ಸಾದ ಹೆಂಗಸರನ್ನು ಇಲ್ಲಿ ಎಲ್ಲರೂ ಕರೆಯುವ ಹಾಗೆ ಅವಳೂ ನಮ್ಮನ್ನು ಮಾಚಿಕ್ ಎನ್ನುತ್ತಾಳೆ.

"ಮಾಚಿಕ್, ನಾಳೆ ಬೆಳಿಗ್ಗೆ ಒಂದು ಉದ್ಘಾಟನೆ ಇದೆ. ಮೂರನೇ ಸಾಲು ತುಂಬ್ಸಿ ಕೊಡ್ತೀರಾ?"

"ಏನಮ್ಮಾ ಉದ್ಘಾಟನೆ?"

"ಪಾರ್ಕಿಂಗ್ ಚೀಟಿ ಕೊಡೋ ಯಂತ್ರ."

"ಅದಕ್ಕೂ ಚಪ್ಪಾಳೆ ಬೇಕಾ?"

"ಬೇಕು ಮಾಚಿಕ್. ಚೀಟಿ ಹೊರಗೆ ಬಂದಾಗ ಒಂದ್ಸಲ, ಭಾಷಣ ಮುಗಿದಾಗ ಒಂದ್ಸಲ. ಮಧ್ಯೆ ಮಾತ್ರ ಯಾರೂ ನಿದ್ದೆ ಮಾಡ್ಬೇಡಿ. ಹೋದ ಸಲ ಮಾಚಿಕ್ ಮೆಲೂರ್ ಗೊರಕೆ ಟಿವೀಲಿ ಬಂದ್ಬಿಡ್ತು!"

ನಾವು ಹೋದೆವು. ಚೀಟಿ ಹೊರಗೆ ಬರಲಿಲ್ಲ, ಆದರೂ ಚಪ್ಪಾಳೆ ತಟ್ಟಿದೆವು. ಮಾರುಕಟ್ಟೆಯ ಪಕ್ಕದ ಸಾರ್ವಜನಿಕ ಶೌಚಾಲಯವನ್ನು ತಾವು ಎರಡು ಸಲ ಉದ್ಘಾಟಿಸಿದಿರಿ. ಎರಡು ಸಲವೂ ಚಪ್ಪಾಳೆ ತಟ್ಟಿದೆವು. ಎರಡನೇ ಸಲ ಇನ್ನೂ ಜೋರಾಗಿ, ಏಕೆಂದರೆ ಆಗ ಅದಕ್ಕೆ ಬಾಗಿಲು ಬಂದಿತ್ತು. ನಮ್ಮನ್ನು ಬಿಟ್ಟಿ ಊಟದ ಡಬ್ಬಿಗೆ ಬರುವವರು ಎಂದು ಎರಡನೇ ಸಾಲಿನವರು ಆಡಿಕೊಳ್ಳುತ್ತಿದ್ದುದು ಗೊತ್ತಿದೆ. ಕೋಳಿಯ ತುಂಡು ಹಾಕಿದ ಅನ್ನ ಚೆನ್ನಾಗಿಯೇ ಇರುತ್ತಿತ್ತು, ಸುಳ್ಳೇಕೆ ಹೇಳಲಿ? ಆದರೆ ನಾವು ಬರುತ್ತಿದ್ದುದು ಅದಕ್ಕಲ್ಲ. ಪಕ್ಕದ ಕುರ್ಚಿಗೆ ಬರುತ್ತಿದ್ದೆವು.

ನನ್ನ ಪಕ್ಕದ ಕುರ್ಚಿ ಎಂಬುನಳದು. ನನಗಿಂತ ಸ್ವಲ್ಪ ದೊಡ್ಡವಳು, ಅದಕ್ಕೇ ನಾನು ಕಾಕ್ ಎನ್ನುವುದು. ದಾದಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವಳಾಗಿದ್ದವಳು. ಗಂಡ ಬೇಗ ತೀರಿಕೊಂಡ, ಮಕ್ಕಳಿಲ್ಲ. ಭಾಷಣ ನಡೆಯುವಾಗ ತುಟಿ ಅಲ್ಲಾಡಿಸದೆ ಮಾತಾಡುವ ವಿದ್ಯೆ ಅವಳಿಗೆ ಒಲಿದಿತ್ತು. "ನೋಡೇ, ಇದೇ ಮಾತು ಚರಂಡಿ ಉದ್ಘಾಟನೇಲೂ ಹೇಳಿದ್ರು, ಬರೀ ಚರಂಡಿ ತೆಗ್ದು ಗ್ರಂಥಾಲಯ ಸೇರ್ಸಿದಾರೆ" ಎಂದು ಅವಳು ಗೊಣಗಿದರೆ ನನಗೆ ನಗು ತಡೆದು ತಡೆದು ಕಣ್ಣಲ್ಲಿ ನೀರು ಬರುತ್ತಿತ್ತು. ಒಮ್ಮೆ ಪತ್ರಿಕೆಯವರು ಆ ಫೋಟೋ ಹಾಕಿ, ಅಭಿವೃದ್ಧಿ ಕಂಡು ಆನಂದಬಾಷ್ಪ ಸುರಿಸಿದ ಮಹಿಳೆ ಎಂದು ಬರೆದರು. ತಾವು ಅದನ್ನೂ ಕಟ್ಟು ಹಾಕಿಸಿ ತೂಗುಹಾಕಿದ್ದೀರಿ.

ಕುರ್ಚಿಯ ಇನ್ನೊಂದು ಉಪಯೋಗವನ್ನು ಹೇಳುತ್ತೇನೆ, ಅದು ತಮ್ಮ ವಾರ್ಷಿಕ ವರದಿಯಲ್ಲಿ ಇರುವುದಿಲ್ಲ. ಒಮ್ಮೆ ಗಿಡ ನೆಡುವ ಕಾರ್ಯಕ್ರಮಕ್ಕೆ ಮೆಲೂರ್ ಬರಲಿಲ್ಲ. ಅವಳ ಕುರ್ಚಿ ಖಾಲಿ. ಗೊರಕೆಗಾದರೂ ಬರಬೇಕಿತ್ತಲ್ಲ ಎಂದು ನಾವು ನಕ್ಕೆವು, ಆಮೇಲೆ ನಗು ನಿಂತಿತು. ಊಟದ ಡಬ್ಬಿ ಹಿಡಿದು ಅವಳ ಮನೆಗೆ ಹೋದರೆ ಸೊಳ್ಳೆ ಜ್ವರದಲ್ಲಿ ಮೈಮೇಲೆ ಪ್ರಜ್ಞೆಯಿಲ್ಲ. ಆಸ್ಪತ್ರೆಗೆ ಸೇರಿಸಿದೆವು, ಬದುಕಿದಳು. ಒಂಟಿ ಹೆಂಗಸಿನ ಮನೆಯಲ್ಲಿ ಅವಳಿಲ್ಲ ಎನ್ನುವುದು ಯಾರಿಗೆ ಕಾಣುತ್ತದೆ? ತುಂಬಿದ ಸಾಲಿನಲ್ಲಿ ಮಾತ್ರ ಕಾಣುತ್ತದೆ.

ಈಗ ಹಬ್ಬದ ವಿಚಾರ. ಉಪವಾಸದ ತಿಂಗಳು ಮುಗಿದು ರಾಯಾ ಹಬ್ಬ ಬಂದರೆ ನಮ್ಮ ರಾಜಧಾನಿಯಲ್ಲಿ ಒಬ್ಬರಿಗೊಬ್ಬರು ಕೇಳುವ ಪ್ರಶ್ನೆ ಒಂದೇ: "ಯಾವಾಗ ಊರಿಗೆ?" ನಮ್ಮಲ್ಲಿ ಹಬ್ಬಕ್ಕೆ ಊರಿಗೆ ಹೋಗುವುದು ಪ್ರಯಾಣವಲ್ಲ, ಮರ್ಯಾದೆ. ಹೋಗಲು ಊರಿಲ್ಲ ಎಂದರೆ ಹೇಳಿಕೊಳ್ಳಲು ಜನರಿಲ್ಲ ಎಂದರ್ಥ. ಒಂದು ವರ್ಷ ನಾನು "ಎಲ್ಲೂ ಹೋಗಲ್ಲ" ಎಂದು ನಿಜ ಹೇಳಿದ್ದೆ. ಪಕ್ಕದ ಮನೆಯಾಕೆಯ ಮುಖದಲ್ಲಿ ಮೂಡಿದ ಕನಿಕರ ನೋಡಬೇಕಿತ್ತು, ಅದನ್ನು ನುಂಗುವುದಕ್ಕಿಂತ ಬೇವಿನ ಕಷಾಯ ವಾಸಿ. ಮರುವರ್ಷದಿಂದ ನನಗೂ ಒಂದು ಊರು ಹುಟ್ಟಿಕೊಂಡಿತು. ಬೆಟ್ಟದ ಆಚೆ, ಹೊಳೆಯ ದಂಡೆಯಲ್ಲಿ, ದೋದೋಲ್ ಸಿಹಿಯನ್ನು ಇಡೀ ದಿನ ಮಗುಚಿ ಕಾಯಿಸುವ ಒಬ್ಬ ಚಿಕ್ಕಮ್ಮನ ಸಮೇತ.

ಹಬ್ಬದ ಹಿಂದಿನ ದಿನ ಎಲ್ಲರಿಗೂ ಕೇಳುವಂತೆ ಬೀಗದ ಕೈ ಅಲ್ಲಾಡಿಸಿ ವಿದಾಯ ಹೇಳುತ್ತಿದ್ದೆ. ಒಂದು ಸುತ್ತು ಹೋಗಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಚಪ್ಪಲಿಯನ್ನು ಒಳಗಿಟ್ಟು, ಕಿಟಕಿಗಳನ್ನು ಮುಚ್ಚಿ ಕೂರುತ್ತಿದ್ದೆ. ಹಬ್ಬದ ಬೆಳಗಿನ ಪ್ರಾರ್ಥನೆಯ ದನಿ ಮಸೀದಿಯಿಂದ ಬರುವಾಗ ಅಡುಗೆಮನೆಯ ಮೂಲೆಯಲ್ಲಿ ನಿಂತು ಕೇಳುತ್ತಿದ್ದೆ. ಅನ್ನ, ಒಣಮೀನು, ಸಣ್ಣ ದನಿಯ ರೇಡಿಯೋ. ಅಳು ಬರುತ್ತಿತ್ತು, ಮಾನ್ಯರೇ. ಅದನ್ನೂ ಸದ್ದಾಗದ ಹಾಗೆ ಮುಗಿಸಬೇಕಿತ್ತು.

ಮೂರನೇ ದಿನ ಮಾತ್ರ ನನಗೆ ನಿಜವಾದ ಹಬ್ಬ. ಅಂದು ಸರ್ಕಾರ ಮೈದಾನದಲ್ಲಿ ಶಾಮಿಯಾನ ಹಾಕಿ ಎಲ್ಲರಿಗೂ ಔತಣ ಕೊಡುತ್ತಿತ್ತು. ಹಸ್ಮೀರಾ ಮೊದಲೇ ಹೇಳಿರುತ್ತಿದ್ದಳು, "ಊರಿಂದ ಬೇಗ ಬಂದ್ಬಿಡಿ ಮಾಚಿಕ್." ನಾನು ಹೊಸ ಬಟ್ಟೆ ಉಟ್ಟು, ಚೀಲ ಹಿಡಿದು, ಬಸ್ ನಿಲ್ದಾಣದ ಕಡೆಯಿಂದ ಸುತ್ತಿ ಬಳಸಿ ಮೈದಾನಕ್ಕೆ ಬರುತ್ತಿದ್ದೆ, ಈಗಷ್ಟೇ ಇಳಿದವಳ ಹಾಗೆ. ಎಂಬುನಳೂ ಅದೇ ಕಡೆಯಿಂದ ಬರುತ್ತಿದ್ದಳು. ನಾನು ಅವಳಿಗೆ ನಮ್ಮೂರಿನ ದೋದೋಲ್ ಕೊಡುತ್ತಿದ್ದೆ. ಅವಳು ನನಗೆ ಅವಳ ತಂಗಿ ಮಾಡಿದ ಒಣಮಾಂಸದ ಪುಡಿ ಕೊಡುತ್ತಿದ್ದಳು. ಮೂರನೇ ಸಾಲಿನಲ್ಲಿ ಕುಳಿತು ತೆಂಗಿನ ಗರಿಯಲ್ಲಿ ಬೇಯಿಸಿದ ಅನ್ನದ ಕೆಟುಪತ್ ಬಿಚ್ಚಿಕೊಂಡು ನಮ್ಮ ನಮ್ಮ ಊರಿನ ಸುದ್ದಿ ಹೇಳಿಕೊಳ್ಳುತ್ತಿದ್ದೆವು. ನನ್ನ ಚಿಕ್ಕಮ್ಮನಿಗೆ ಮಂಡಿನೋವು, ಅವಳ ತಂಗಿಯ ಮಗನಿಗೆ ಹೊಸ ದೋಣಿ.

ಹೋದ ವರ್ಷ ತಮ್ಮ ಸುತ್ತೋಲೆ ಬಂತು. ಇನ್ನು ಎಲ್ಲ ಸಮಾರಂಭಗಳೂ ಮೊಬೈಲಿನಲ್ಲಿ ನೇರಪ್ರಸಾರ. ಮೊದಲ ಎರಡು ಸಾಲು ಮಾತ್ರ ಇರುತ್ತವೆ, ಜನತೆ ಮನೆಯಲ್ಲೇ ಕುಳಿತು ವೀಕ್ಷಿಸಬಹುದು, ಮೆಚ್ಚುಗೆ ಇದ್ದರೆ ಹೆಬ್ಬೆರಳಿನ ಚಿತ್ರ ಒತ್ತಬಹುದು. ನಮ್ಮ ಕಾಲದಲ್ಲಿ ಹೆಬ್ಬೆರಳು ಒತ್ತುತ್ತಿದ್ದವರು ಓದು ಬಾರದವರು. ಇದನ್ನು ತಾವು ಪ್ರಗತಿ ಎಂದು ಕರೆದಿರಿ. ಜನರಿಲ್ಲದ ಜನಸೇವೆಗೆ ಖರ್ಚು ಕಡಿಮೆ, ನಿಜ. ಹಸ್ಮೀರಾಳನ್ನು ಬೇರೆ ಮೇಜಿಗೆ ಹಾಕಿದರು. ಮೂರನೇ ದಿನದ ಔತಣವೂ ಆಹ್ವಾನಿತರಿಗೆ ಮಾತ್ರ ಎಂದಾಯಿತು, ನಮಗೆ ಅದರ ಪ್ರಸಾರ. ಬೇರೆಯವರು ಮಾಂಸದ ರೆಂಡಾಂಗ್ ತಿನ್ನುವುದನ್ನು ಮೊಬೈಲಿನಲ್ಲಿ ನೋಡುವ ಭಾಗ್ಯವನ್ನು ಎಷ್ಟು ಸರ್ಕಾರಗಳು ತಮ್ಮ ಪ್ರಜೆಗಳಿಗೆ ಕೊಟ್ಟಿವೆ?

ಔತಣವೇ ಇಲ್ಲದ ಮೇಲೆ ನಾನು ಊರಿನಿಂದ ಬೇಗ ಬರುವುದೇಕೆ? ಮೂರನೇ ದಿನವೂ ಕಿಟಕಿ ಮುಚ್ಚಿಕೊಂಡೇ ಕುಳಿತೆ. ನಾಲ್ಕನೇ ದಿನ ಸೊಳ್ಳೆಬತ್ತಿ ಮುಗಿಯಿತು. ಮುಚ್ಚಿದ ಮನೆಯಲ್ಲಿ ಸೊಳ್ಳೆಬತ್ತಿಯಿಲ್ಲದೆ ಇರಲಾಗುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಮುಖದ ಮೇಲೆ ಸೆರಗೆಳೆದುಕೊಂಡು ಮೈದಾನದ ಎದುರಿನ ಮೈದೀನ್ ಅಂಗಡಿಗೆ ಹೋದೆ. ಅವನೊಬ್ಬನೇ ಹಬ್ಬಕ್ಕೂ ಬಾಗಿಲು ಹಾಕದವನು.

"ಬನ್ನಿ ಮಾಚಿಕ್," ಎಂದ ಮೈದೀನ್. "ನಿಮ್ ಗೆಳತಿ ಎಲ್ಲಿ? ಹಬ್ಬದ ದಿನ ಬೆಳಿಗ್ಗೆ ಸಕ್ಕರೆ ತಗೊಂಡು ಹೋದೋರು ಮತ್ತೆ ಕಾಣ್ಲೇ ಇಲ್ಲ."

"ಎಂಬುನಾ? ಅವಳು ಊರಿಗೆ ಹೋಗಿದಾಳಲ್ಲ."

"ಯಾವ ಊರು? ವರ್ಷಾ ವರ್ಷಾ ಒಣಮಾಂಸದ ಪುಡಿ ನನ್ನತ್ರಾನೇ ತಾನೇ ತಗೊಳ್ಳೋದು, ನೀವು ದೋದೋಲ್ ತಗೊಂಡ ಹಾಗೆ. ಇಬ್ರೂ ಲೇಬಲ್ ಕಿತ್ತು ಕೊಡು ಅಂತೀರಿ. ನಾನು ಕೇಳಿದ್ದೀನಾ ಯಾಕೆ ಅಂತ? ವ್ಯಾಪಾರಸ್ಥನಿಗೆ ಯಾಕೆ ಬೇಕು ಹೇಳಿ."

ನನಗೆ ಮೊದಲು ಬಂದದ್ದು ಕೋಪ. ಇಷ್ಟು ವರ್ಷ ನನಗೆ ಮೋಸ ಮಾಡಿದಳಲ್ಲ! ನಾನೂ ಅದನ್ನೇ ಮಾಡಿದ್ದು ಆಗ ನೆನಪಿಗೇ ಬರಲಿಲ್ಲ. ಕೈಗೆ ಸಿಕ್ಕಿಬಿದ್ದ ಕಳ್ಳಿಯನ್ನು ವಿಚಾರಿಸುವ ಹುಮ್ಮಸ್ಸಿನಲ್ಲಿ ಹಳೆಯ ಚಿತ್ರಮಂದಿರದ ಹಿಂದಿನ ಅವಳ ಬಾಡಿಗೆ ಮನೆಗೆ ಹೋಗಿ ಬಾಗಿಲು ಬಡಿದೆ. "ಕಾಕ್ ಎಂಬುನ್, ನಾಟಕ ಸಾಕು, ಬಾಗಿಲು ತೆಗಿ! ನಿನ್ ತಂಗೀನೂ ಕರಿ, ಮಾತಾಡ್ಸ್ತೀನಿ!"

ಪಕ್ಕದ ಮನೆಯವನು ಹೊರಗೆ ಬಂದ. ಅವನ ಊರು ಹತ್ತಿರವಾದ್ದರಿಂದ ಬೇಗ ಹಿಂದಿರುಗಿದ್ದ. "ಅವರು ಊರಿಗೆ ಹೋಗಿದಾರೆ ಮಾಚಿಕ್, ಮನೇಲಿ ಯಾರೂ ಇಲ್ಲ. ನಿನ್ನೆಯಿಂದ ಒಳಗೆ ಏನೋ ಟಪ್ ಟಪ್ ಅಂತಾ ಇದೆ. ಇಲಿ ಇರ್ಬೇಕು, ಅವರು ಬಂದ್ಮೇಲೆ ಹೇಳೋಣ ಅಂತಿದ್ದೆ."

ಅದು ಇಲಿಯಾಗಿರಲಿಲ್ಲ. ಬಚ್ಚಲಿನ ನೆಲಕ್ಕೆ ಪ್ಲಾಸ್ಟಿಕ್ ಚೊಂಬನ್ನು ಬಡಿಯುತ್ತಿದ್ದದ್ದು ಎಂಬುನ್. ಹಬ್ಬದ ಎರಡನೇ ದಿನ ಜಾರಿ ಬಿದ್ದಿದ್ದಳು. ಆ ಚೊಂಬಿನಿಂದಲೇ ತೊಟ್ಟಿಯ ನೀರು ಮೊಗೆದು ಕುಡಿದು ಜೀವ ಹಿಡಿದುಕೊಂಡಿದ್ದಳು. ಆ ಪಕ್ಕದ ಮನೆಯವನು ಕೆಟ್ಟವನಲ್ಲ, ಬಾಗಿಲು ಒಡೆದವನು, ಅವಳನ್ನು ಎತ್ತಿಕೊಂಡವನು ಅವನೇ. ಆದರೆ ನಮ್ಮ ರಾಜಧಾನಿಯಲ್ಲಿ ಮುಚ್ಚಿದ ಕಿಟಕಿಗೆ ಒಂದೇ ಅರ್ಥ. ಊರಿಗೆ ಹೋಗಿರಬೇಕು. ಒಳಗಿಂದ ಮನುಷ್ಯಳು ಕರೆದರೂ ಇಲಿಯೇ ಇರಬೇಕು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ನೀನು ಊರಿಗೆ ಹೋಗಿರ್ಲಿಲ್ವಾ?"

"ನೀನು?" ಎಂದೆ.

"ನಮ್ಮೂರ ಮನೆ ಯಾವಾಗ್ಲೋ ಬಿದ್ದೋಯ್ತು ಕಣೇ. ಗದ್ದೆ ಮಲತಮ್ಮಂದಿರ ಪಾಲಾಯ್ತು."

"ಮತ್ತೆ ನಿನ್ ತಂಗಿ? ಅವಳ ಮಗನ ದೋಣಿ?"

"ನಿನ್ ಚಿಕ್ಕಮ್ಮನ ಮಂಡಿನೋವು ಹೇಗಿದೆ, ಅದು ಹೇಳು ಮೊದಲು."

ಇಬ್ಬರೂ ನಕ್ಕೆವು. ನಕ್ಕರೆ ಅವಳಿಗೆ ಸೊಂಟ ನೋಯುತ್ತಿತ್ತು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಹಬ್ಬದಲ್ಲಿ ನಿಂಗೆ ಫೋನ್ ಮಾಡೋಣ ಅನ್ಸ್ತಿತ್ತು ಪ್ರತಿ ಸಲ. ಆದ್ರೆ ನಮ್ ಕಡೆ ಮಕ್ಕಳ ಗಲಾಟೆ ಕೇಳ್ಬೇಕಲ್ಲ, ಅದನ್ನ ಎಲ್ಲಿಂದ ತರ್ಲಿ? ಎರಡು ಬೀದಿ ಆಚೆ ನೀನೊಬ್ಳೇ, ಇಲ್ಲಿ ನಾನೊಬ್ಳೇ. ಎಂಥ ಪೆದ್ದುಗಳು ಕಣೇ ನಾವು" ಎಂದಳು. ಮಾನ್ಯರೇ, ಅಷ್ಟು ವರ್ಷಗಳ ಹಬ್ಬಗಳನ್ನು ನಮಗೆ ಯಾರು ಹಿಂದಿರುಗಿಸುತ್ತಾರೆ? ಅದನ್ನು ತಮ್ಮಿಂದ ಕೇಳುತ್ತಿಲ್ಲ. ಅದು ನಮ್ಮ ಪೆದ್ದುತನ. ನಾನು ಕೇಳುತ್ತಿರುವುದು ಒಂದು ಮೂರನೇ ದಿನದ ಲೆಕ್ಕ. ಅಂದು ಮೈದಾನದಲ್ಲಿ ಕುರ್ಚಿ ಹಾಕಿದ್ದರೆ ಅವಳ ಕುರ್ಚಿ ಖಾಲಿ ಇರುತ್ತಿತ್ತು. ಮೂರನೇ ದಿನದ ಊಟವನ್ನು ಎಂಬುನ್ ಎಂದೂ ತಪ್ಪಿಸಿದವಳಲ್ಲ. ನಾನು ಎದುರಿನ ಅಂಗಡಿಗೆ ಹೋಗಿ ಕೇಳುತ್ತಿದ್ದೆ, ಮೈದೀನ್ ಸಕ್ಕರೆಯ ಮಾತು ಹೇಳುತ್ತಿದ್ದ. ಒಂದು ಇಡೀ ದಿನ, ಒಂದು ಇಡೀ ರಾತ್ರಿ ಅವಳು ಆ ಒದ್ದೆ ನೆಲದ ಮೇಲೆ ಹೆಚ್ಚುವರಿಯಾಗಿ ಮಲಗಿದ್ದು ತಮ್ಮ ನೇರಪ್ರಸಾರದ ಉಡುಗೊರೆ.

ಸೊಂಟ ಕೂಡಿತು. ಊರುಗೋಲಿನಲ್ಲಿ ನಡೆಯುತ್ತಾಳೆ. ಆದರೆ ಕಲ್ಯಾಣ ಇಲಾಖೆಯ ಅಧಿಕಾರಿ ಹೆಂಗಸು ಅವಳನ್ನು ಮನೆಗೆ ಬಿಡಲಿಲ್ಲ. "ಮತ್ತೆ ಬಿದ್ರೆ ಯಾರಿಗೆ ಗೊತ್ತಾಗುತ್ತೆ ಮಾಚಿಕ್?" ಎಂದು ನನ್ನನ್ನೇ ಕೇಳಿದಳು. ನಾನು ಜೊತೆಗಿರುತ್ತೇನೆ ಎಂದೆ. "ನಿಮಗೇ ಎಪ್ಪತ್ತಾಗ್ತಾ ಬಂತು, ಇಬ್ರೂ ಬಿದ್ರೆ?" ಎಂದಳು. ಒಳ್ಳೆಯ ಪ್ರಶ್ನೆ. ಕೊನೆಗೆ ಒಂದು ದಾರಿ ಹೇಳಿದಳು: ದಿನವೂ ವಿಚಾರಿಸಿಕೊಳ್ಳುತ್ತೇವೆಂದು ಯಾವುದಾದರೂ ಸರ್ಕಾರಿ ಕಚೇರಿ ಒಪ್ಪಿದರೆ ಮನೆಗೆ ಕಳಿಸಬಹುದು. ಎಂಬುನಳ ಮನೆಯನ್ನು ಮಾಲೀಕರು ಈ ಹಬ್ಬದವರೆಗೆ ಬೇರೆಯವರಿಗೆ ಕೊಡದೆ ಇಟ್ಟುಕೊಂಡಿದ್ದಾರೆ. ಆಮೇಲೆ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಹಸ್ಮೀರಾಳನ್ನು ಅವಳ ಹಳೆಯ ಮೇಜಿಗೆ ಕೂರಿಸಿ, ಫೋನ್ ಕೊಡಿ. ಸಮಾರಂಭವಿದ್ದ ದಿನ ನಮ್ಮನ್ನು ಕರೆಯಲಿ. ಇಲ್ಲದ ದಿನವೂ ಬೆಳಿಗ್ಗೆ ಕರೆ ಮಾಡಿ, "ಮಾಚಿಕ್, ಇವತ್ತು ಉದ್ಘಾಟನೆ ಏನೂ ಇಲ್ಲ" ಎಂದು ಹೇಳಲಿ. ಫೋನ್ ಎತ್ತದವರ ಮನೆಗೆ ಎತ್ತಿದವರು ಹೋಗಿ ನೋಡುತ್ತೇವೆ. ಅಷ್ಟೇ. ಯಾವ ಯೋಜನೆಯೂ ಬೇಡ, ಅದಕ್ಕೊಂದು ಹೆಸರೂ ಬೇಡ, ದಯವಿಟ್ಟು ಉದ್ಘಾಟನೆಯಂತೂ ಬೇಡ. ಮತ್ತು ಈ ಹಬ್ಬದ ಮೂರನೇ ದಿನ ಮೈದಾನದಲ್ಲಿ ಮೂರನೇ ಸಾಲು ಹಾಕಿಸಿ. ಅತ್ತೂ ಕರೆದೂ ಔತಣ ಹೇಳಿಸಿಕೊಂಡರು ಎಂದು ಎರಡನೇ ಸಾಲಿನವರು ನಗಬಹುದು. ನಗಲಿ. ನಾವು ಅವರ ಭಾಷಣಕ್ಕೆ ನಕ್ಕಷ್ಟು ಅವರಿಂದ ಆಗಲಾರದು.

ಇದನ್ನು ಪತ್ರಿಕೆಯಲ್ಲಿ ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ನಾವಿಬ್ಬರೇ ಇರಲಾರೆವು. ಕಿಟಕಿ ಮುಚ್ಚಿಕೊಂಡು, ರೇಡಿಯೋ ಸಣ್ಣಗೆ ಮಾಡಿಕೊಂಡು ಇದನ್ನು ಓದುತ್ತಿರುವವರು ಇನ್ನೂ ಇರಬೇಕು. ಅವರಿಗಾಗಿ ಎಲ್ಲರ ಮುಂದೆ ಹೇಳುತ್ತೇನೆ: ನನಗೆ ಊರಿಲ್ಲ. ಚಿಕ್ಕಮ್ಮನೂ ಇಲ್ಲ. ಈ ಹಬ್ಬಕ್ಕೆ ನನ್ನ ಚಪ್ಪಲಿ ಹೊರಗಿರುತ್ತದೆ. ಬನ್ನಿ.

ಇನ್ನು ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದೆ, ಆದರೆ ಕಳೆದ ಭಾನುವಾರ ಆಶ್ರಯಧಾಮದಲ್ಲಿ ಒಂದು ಆಗಿಹೋಯಿತು. ಎಂಬುನ್ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಊಟ ಮುಟ್ಟಿರಲಿಲ್ಲ. ಏನಾದರೂ ಹೇಳಬೇಕಿತ್ತು.

"ಕಾಕ್, ಹಸ್ಮೀರಾ ಫೋನ್ ಮಾಡಿದ್ಲು," ಎಂದೆ.

ತಿರುಗಿದಳು. "ಏನಂತೆ?"

"ಮೂರನೇ ದಿನಕ್ಕೆ ಬರ್ಬೇಕಂತೆ. ಮೂರನೇ ಸಾಲು ತುಂಬ್ಸಿ ಅಂದ್ಲು."

ಅವಳು ಎದ್ದು ಕುಳಿತು ದಾದಿಯನ್ನು ಕರೆದು ಇಸ್ತ್ರಿಪೆಟ್ಟಿಗೆ ಕೇಳಿದಳು. ಹಬ್ಬದ ನೀಲಿ ಬಟ್ಟೆ ಈಗ ಮಂಚದ ತುದಿಯಲ್ಲಿ ಮಡಿಕೆ ಕೆಡದಂತೆ ನೇತಾಡುತ್ತಿದೆಯಂತೆ. ಯಾರನ್ನೂ ಮುಟ್ಟಲು ಬಿಡುತ್ತಿಲ್ಲವಂತೆ.

ಇಂತಿ,
ಈ ಸಲವೂ ಊರಿಗೆ ಹೋಗದ,
ಒಂದು ಸುಳ್ಳನ್ನು ನಿಜ ಮಾಡಿಕೊಡಿ ಎಂದು ಕೇಳಿಕೊಳ್ಳುವ,
ರುಗಾಯಾ
(ಹಸಿರು ಸೆರಗು, ಮೂರನೇ ಸಾಲು, ಎಂಬುನಳ ಪಕ್ಕದ ಕುರ್ಚಿ)